ನಗುಮುಖದ ವಹಿ

೧೦ ನವೆಂಬರ್ ೨೦೨೪, ರವಿವಾರ, ಸಾಂಗಲಿ

ಈ ವಹಿ ಪುಕ್ಕಟೆ ಬಂದದ್ದು. ಹೊದಿಕೆಯ ಮೇಲೆ ಹಳದಿ ಬಣ್ಣದ ನಗುವ ಮುಖ. ಪ್ರತಿ ಪುಟದ ಕೆಳಗೆ ಮರಾಠಿಯಲ್ಲಿ 'ಇಂದಿನ ಮೂರು ಒಳ್ಳೆಯ ಸಂಗತಿಗಳು' ಎಂದು ಅಚ್ಚು ಹಾಕಿ ಮೂರು ಗೆರೆ ಎಳೆದಿದ್ದಾರೆ. ದಿನಾ ಈ ಗೆರೆ ತುಂಬಿಸಿದರೆ ಹರೆಯದ ಹುಡುಗರ ದುಃಖ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತದಂತೆ. ಮಗ ರೇವಣಸಿದ್ಧ ಇಂಥ ವಹಿಗಳನ್ನು ಟೆಂಪೋದಲ್ಲಿ ತರಿಸಿ ಪಡಸಾಲೆಯ ತುಂಬ ಒಟ್ಟಿದ್ದಾನೆ. ಅರಿಸಿನದ ದಲಾಲಿ ಮಾಡುವ ಅಡತಿ ಅಂಗಡಿಯವರ ಮನೆ ಇದು. ಚೀಲ ಒಟ್ಟಬೇಕಾದ ಜಾಗದಲ್ಲಿ ನಗು ಒಟ್ಟಿದೆ.

ಕಾಗದ ದಂಡವಾಗಬಾರದೆಂದು ಒಂದನ್ನು ಎತ್ತಿಕೊಂಡೆ. ಬಾಯಿ ಬಿಟ್ಟರೆ ಮನೆಯಲ್ಲಿ ಜಗಳ, ಬಿಡದಿದ್ದರೆ ನನಗೆ ರಕ್ತದೊತ್ತಡ. ಅಥಣಿಯ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು. ಈ ಮನೆಯವರು ಕನ್ನಡ ಮಾತಾಡುತ್ತಾರೆ, ಕನ್ನಡದಲ್ಲಿ ಬೈಸಿಕೊಳ್ಳುತ್ತಾರೆ, ಓದಲು ಮಾತ್ರ ಒಬ್ಬರಿಗೂ ಬಾರದು. ಮೇಜಿನ ಮೇಲೆ ತೆರೆದಿಟ್ಟು ಹೋದರೂ ಭಯವಿಲ್ಲ.

ಮೂರು ಒಳ್ಳೆಯ ಸಂಗತಿಗಳು: ಹಾಲು ಒಡೆಯಲಿಲ್ಲ. ಎದುರು ಮನೆಯ ಸಖುಬಾಯಿ ಹರಟೆಗೆ ಬರಲಿಲ್ಲ. ಗೆರೆ ಮುಗಿದವು.

೧೭ ನವೆಂಬರ್, ರವಿವಾರ

ಮುಂಬಯಿಯಿಂದ ಅಜಿತ ಸಾಹೇಬರು ಊಟಕ್ಕೆ ಬಂದಿದ್ದರು. ಶ್ರೀಮಂತರ ದುಡ್ಡನ್ನು ಪುಣ್ಯದ ಕೆಲಸದಲ್ಲಿ ಹೂಡಿಸುವುದೇ ಅವರ ಉದ್ಯೋಗ. ಸಾದಾ ಅಂಗಿ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ, ಕೈಯಲ್ಲಿ ಮಾತ್ರ ನಮ್ಮ ಅಂಗಡಿಯಷ್ಟು ಬೆಲೆಯ ಗಡಿಯಾರ. ಹೋಳಿಗೆಗೆ ತುಪ್ಪ ಬೇಡವೇ ಬೇಡ ಎಂದರು, ಆಮೇಲೆ ತುಪ್ಪದ ಬಟ್ಟಲನ್ನೇ ಹತ್ತಿರ ಎಳೆದುಕೊಂಡರು.

ಅವರು ಹೋದ ಮೇಲೆ ಮಗನನ್ನು ಕೇಳಿದೆ, ಇದೇನು ದಾನವೋ ವ್ಯಾಪಾರವೋ ಎಂದು.

"ಅವ್ವಾ, ದಾನದ ಕಾಲ ಹೋತು. ಇದು ಗುಂತವಣೂಕ, ರೊಕ್ಕಾ ಹೂಡೂದು. ನಾವೂ, ಮುಂಬಯಿ ಮಂದೀನೂ ರೊಕ್ಕಾ ಹಾಕ್ತೀವಿ. ಸಾಂಗಲಿ ಮಿರಜ ಕಾಲೇಜಿನ ಹುಡುಗೂರ ಮನಸ್ಸು ಸುಧಾರಿಸ್ತು ಅಂತ ಪುರಾವೆ ಕೊಟ್ರ, ಒಂದು ದೊಡ್ಡ ಟ್ರಸ್ಟ್ ನಮ್ಮ ರೊಕ್ಕಾ ಲಾಭದ ಸಂಗಾಟ ಹೊಳ್ಳಿ ಕೊಡತೈತಿ."

"ಸುಧಾರಿಸಲಿಲ್ಲ ಅಂದ್ರ?"

"ಸುಧಾರಿಸ್ತೈತಿ."

"ಹುಡುಗೂರ ದುಃಖಕ್ಕ ಬಡ್ಡಿ ಹಚ್ಚೀರಿ ಅನ್ನು."

"ನಿನಗ ತಿಳಿಯೂದಿಲ್ಲ ಬಿಡು," ಅಂದ.

ತಿಳಿಯದೆ ಏನು. ಯಜಮಾನರೂ ದಾನ ಮಾಡಿದವರೇ. ವಿದ್ಯಾರ್ಥಿಗಳ ಬೋರ್ಡಿಂಗಿಗೆ ಪಂಖ ಕೊಟ್ಟು ಒಂದೊಂದು ರೆಕ್ಕೆಯ ಮೇಲೂ ತಮ್ಮ ಹೆಸರು ಬರೆಸಿದ್ದರು. ಪಂಖ ತಿರುಗಿದರೆ ಹೆಸರು ಕಾಣದು. ಹೆಸರು ಕಾಣಬೇಕೆಂದರೆ ಹುಡುಗರು ಬೆವರಬೇಕು. ಆದರೂ ಅವರು ಗಾಳಿಗೆ ಬಡ್ಡಿ ಕೇಳಲಿಲ್ಲ.

ಪುರಾವೆ ಎಂದರೆ ಮೊಬೈಲಿನಲ್ಲಿ ಬರುವ ಐದು ಮುಖ. ಸಂಜೆ ಏಳಕ್ಕೆ ಟಿಣ್ ಎನ್ನುತ್ತದೆ. ನಗುವುದರಿಂದ ಹಿಡಿದು ಅಳುವುದರವರೆಗೆ ಮುಖಗಳು ಸಾಲಾಗಿ ನಿಲ್ಲುತ್ತವೆ, ಹುಡುಗರು ಒಂದನ್ನು ಒತ್ತಬೇಕು. ನಕ್ಕರೆ ಹಸಿರು, ಅತ್ತರೆ ಕೆಂಪು. ರೇವಣಸಿದ್ಧನ ಮಗಳು ವೃಷಾಲಿಯ ಹೆಸರು ನನ್ನ ಮೊಬೈಲಿನಲ್ಲಿದೆ, ಏಕೆಂದರೆ ಅವಳ ಮೊಬೈಲನ್ನು ಅವಳಪ್ಪ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಹನ್ನೆರಡನೆಯ ತರಗತಿ, ಮೇಲೆ ಡಾಕ್ಟರಿ ಪ್ರವೇಶದ ನೀಟ್ ಪರೀಕ್ಷೆ. ಬೆಳಿಗ್ಗೆ ಕ್ಲಾಸು, ಸಂಜೆ ಕ್ಲಾಸು. ಬಂದವಳು ನನ್ನ ಮೊಬೈಲು ಎತ್ತಿ ಒಂದು ಸಲ ಒತ್ತಿ ಕೋಣೆ ಸೇರುತ್ತಾಳೆ.

ಸಾಹೇಬರು ಅವಳನ್ನು ನೋಡಿ, ಜನವರಿ ಹನ್ನೆರಡರ ಸಮಾರಂಭದಲ್ಲಿ ಇವಳೇ ಯುವದೂತ, ಇವಳೇ ಭಾಷಣ ಮಾಡಲಿ ಎಂದರು. ಆ ದಿನ ಹೊಸ ಹೂಡಿಕೆದಾರರು ಬರುತ್ತಾರಂತೆ. ರೇವಣಸಿದ್ಧ ಉಬ್ಬಿಹೋದ. "ನಮ್ಮನಿ ಹುಡುಗಿನ ವಾನಗಿ!" ಅಂದ. ವಾನಗಿಯೆಂದರೆ ಸವದಾ ಮಾಡುವಾಗ ತಟ್ಟೆಯಲ್ಲಿಟ್ಟು ತೋರಿಸುವ ಮಾದರಿ ಮಾಲು. ಪೇಠೆಯಲ್ಲಿ ಬೆಳೆದವನಿಗೆ ಗೊತ್ತಿರಬೇಡವೇ, ತಟ್ಟೆ ನೋಡಿ ಯಾವ ಜಾಣನೂ ಮಾಲು ಕೊಳ್ಳುವುದಿಲ್ಲ. ಅವನಪ್ಪ ಚೀಲದ ತಳಕ್ಕೆ ಕೈ ತೂರಿ ಒಂದು ಅರಿಸಿನ ಕೊಂಬು ಎಳೆದು, ಮುರಿದು, ಒಳಗಿನ ಬಣ್ಣ ನೋಡುತ್ತಿದ್ದರು. ಮೇಲೆ ಪಾಲಿಶ್ ಎಲ್ಲರೂ ಮಾಡುತ್ತಾರೆ.

೨೪ ನವೆಂಬರ್, ರವಿವಾರ

ಇಂದೂ ವೃಷಾಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ರವಿವಾರದ ಎಣ್ಣೆ ನನ್ನ ಕೈಯದೇ. ದೀಪಾವಳಿಯಿಂದ ಈಚೆಗೆ ಒಂದು ವಾರ ಶಾಂಪೂ ಆಗಿದೆ, ಒಂದು ವಾರ ನೆಗಡಿ, ಈ ವಾರ "ಆಜಿ, ನಕೋ", ಬೇಡ, ಅಷ್ಟೇ. ಮನೆಯೊಳಗೂ ತಲೆಗೆ ಓಢಣಿ ಸುತ್ತಿಕೊಂಡು ತಿರುಗುತ್ತಾಳೆ. ಚಳಿಯಂತೆ. ಸಾಂಗಲಿಯಲ್ಲಿ ಎಂಥ ಚಳಿ? ಫ್ಯಾಶನ್ನು.

ಸೊಸೆ ಹರ್ಷದಾ ಮಗಳ ಪರೀಕ್ಷೆಗೆಂದು ಸೋಮವಾರದ ಉಪವಾಸ ಹಿಡಿದಿದ್ದಾಳೆ. ಮಗಳು ಊಟದಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಾಳೆ. ಇಬ್ಬರಲ್ಲಿ ಯಾರ ಉಪವಾಸ ಶಿವನಿಗೆ ಮುಟ್ಟುತ್ತದೋ.

೨ ಡಿಸೆಂಬರ್, ಸೋಮವಾರ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗ ಮೊಬೈಲು ತೋರಿಸಿ ಕುಣಿದ. ಎಲ್ಲಾ ಜಿಲ್ಲೆಗಳಿಗಿಂತ ಸಾಂಗಲಿಯೇ ಹೆಚ್ಚು ಹಸಿರಂತೆ. ನಮ್ಮೂರ ಹುಡುಗರು ಮಹಾ ಸುಖದಲ್ಲಿದ್ದಾರಂತೆ. ಹಾಗಿದ್ದರೆ ಸುಖವಾಗಿರುವವರನ್ನು ಸುಧಾರಿಸಲು ಇಷ್ಟು ಮಂದಿ ಯಾಕಪ್ಪಾ ಎಂದೆ. ರೊಟ್ಟಿಗೆ ಚಟ್ನಿ ಹಚ್ಚಿಕೊಂಡ.

ಸಂಜೆ ವೃಷಾಲಿಯ ಕ್ಲಾಸು ತಡವಾಗಿತ್ತು. ಮೊಬೈಲು ಟಿಣ್ ಎಂದಿತು. ನನ್ನ ಸಿಟ್ಟು ಬೆರಳಿಗಿಳಿಯಿತು. ಅಳುವ ಮುಖವನ್ನು ಒತ್ತಿಬಿಟ್ಟೆ. ಇಷ್ಟೆಲ್ಲ ಡಂಗುರ ಹೊಡೆಯುತ್ತಾರಲ್ಲ, ಒಂದು ಮುಖ ಅತ್ತರೆ ಯಾರು ಓಡಿ ಬರುತ್ತಾರೋ ನೋಡೋಣ.

ಯಾರೂ ಬರುವುದಿಲ್ಲ. ಬರೆದಿಟ್ಟಿದ್ದೇನೆ.

೩ ಡಿಸೆಂಬರ್, ಮಂಗಳವಾರ

ಬಂದಳು. ಮಧ್ಯಾಹ್ನ ಸ್ಕೂಟಿಯ ಮೇಲೆ, ಹೆಲ್ಮೆಟ್ಟು ಹಾಕಿಕೊಂಡು, ಅಂಗೈಯಗಲದ ಹುಡುಗಿ.

"ವೃಷಾಲಿ ಅದಾಳೇನ್ರಿ? ನಾ ಸೋನಾಲಿ. ಸಮಡೋಳಿಯಿಂದ ಬಂದೇನಿ. ಮೊಬೈಲದಾಗ ಮಾರಿ ಒತ್ತತಾರಲ್ರಿ, ಆ ಯೋಜನೇದಾಗ ಹುಡುಗೂರ ಸಂಗಾಟ ಮಾತಾಡಾಕಿ ನಾನ."

"ಬಾ, ಕುಂದರು. ಅಳೂ ಮಾರಿ ಒತ್ತಿದಾಕಿ ನಾನ. ನಿಮ್ಮ ಗಾಡಿ ಎಷ್ಟು ಜೋರ ಓಡತೈತಿ ನೋಡಬೇಕಾಗಿತ್ತು," ಎಂದು ನಕ್ಕೆ.

ಅವಳು ನಗಲಿಲ್ಲ. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಹಂಗಾರ ಆಜಿ, ದಿನಾ ನಗೂ ಮಾರಿ ಒತ್ತಾಕಿ ಯಾರ್ರಿ?"

"ಅಕಿನ."

"ನೋಡಿ ಒತ್ತತಾಳೋ, ನೋಡದನ ಒತ್ತತಾಳೋ?"

ಎಂಥ ಪ್ರಶ್ನೆ. ನಾನು ಚಹಾ ಇಡಲು ಎದ್ದುಹೋದೆ.

ವೃಷಾಲಿ ಬಂದ ಮೇಲೆ ಇಬ್ಬರೂ ಮಾಳಿಗೆಯ ಮೇಲೆ ಬಹಳ ಹೊತ್ತು ಕುಳಿತರು. ಇಳಿದು ಬಂದ ಸೋನಾಲಿಯ ಮುಖ ಸಣ್ಣದಾಗಿತ್ತು. "ಆಜಿ, ಮಿರಜದಾಗ ಒಬ್ರು ಡಾಕ್ಟರಬಾಯಿ ಅದಾರ. ಇಕಿನ್ನ ಒಮ್ಮೆ ತೋರಿಸ್ರಿ. ಇದು ಬರೇ ನನ್ನ ಮಾತಿಗೆ ಬಗೀಹರಿಯೂದಲ್ಲ."

"ಏನಾಗೇತಿ ಅಕಿಗೆ?"

"ಅಕಿನ ಹೇಳಲ್ರಿ. ನಾ ಹೇಳಾಂಗಿಲ್ಲ."

ನನ್ನ ಮನೆಯ ಹುಡುಗಿಯ ಗುಟ್ಟು ಸಮಡೋಳಿಯವಳ ಹೊಟ್ಟೆಯಲ್ಲಿ! ಹುಚ್ಚರ ಡಾಕ್ಟರೋ ಎಂದು ಕೇಳಿದೆ. "ಮನಸ್ಸಿನ ಡಾಕ್ಟರ್ರೀ," ಅಂದಳು. ಹೆಸರು ಬದಲಿಸಿದರೆ ಹಾಗಲಕಾಯಿ ಸಿಹಿಯಾಗುತ್ತದೆಯೇ? ಚಹಾ ಕುಡಿಸಿ ಕಳಿಸಿದೆ.

೪ ಡಿಸೆಂಬರ್

ಮಗನಿಗೆ ಹೇಳಿದೆ. ಸಿಟ್ಟಾದ. "ಜನವರಿ ಹನ್ನೆರಡು ಮುಗೀಲಿ ಅವ್ವಾ. ಮಂದಿಗೆ ಗೊತ್ತಾತಂದ್ರ ಅಷ್ಟೂ ಹಾಳಾಗತೈತಿ. ಪರೀಕ್ಷಾ ಅಂಜಿಕಿ, ಬ್ಯಾರೇ ಏನಿಲ್ಲ." ನಾಳೆ ಮದುವೆಯ ಮಾತು ಬಂದಾಗ ಮಿರಜದ ಡಾಕ್ಟರ ಹೆಸರು ಹಿಂದೆ ಬರುತ್ತದೆ ಎಂದು ನಾನೂ ಹೇಳಿದೆ. ಈ ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದು ಇದೇ ಮೊದಲು.

ಸೋನಾಲಿಯ ಹುಡುಗಾಟಿಕೆ. ಸಂಬಳಕ್ಕೆ ತಕ್ಕ ಕೆಲಸ ತೋರಿಸಬೇಕಲ್ಲ, ಅದಕ್ಕೆ.

೧೫ ಡಿಸೆಂಬರ್, ರವಿವಾರ

ಇವತ್ತು ಬಿಡುವುದಿಲ್ಲ ಎಂದು ಎಣ್ಣೆಯ ಬಟ್ಟಲು ಹಿಡಿದು ಕೋಣೆಗೆ ಹೋದೆ. ಓದುತ್ತ ಕುಳಿತಿದ್ದಳು. "ಆಜಿ, ನಕೋ" ಎನ್ನುವಷ್ಟರಲ್ಲಿ ಓಢಣಿ ಎಳೆದೆ.

ಬಲಗಿವಿಯ ಮೇಲೆ ಅಂಗೈಯಷ್ಟು ಜಾಗ ಬೋಳು. ಒಂದು ಕೂದಲಿಲ್ಲ. ಅಲ್ಲಲ್ಲಿ ರಕ್ತ ಒಣಗಿದ ಚುಕ್ಕೆ. ಮೇಜಿನ ಮೇಲೆ, ಪುಸ್ತಕದ ನಡುವೆ, ಅವಳ ಮಡಿಲಲ್ಲಿ ಉದ್ದುದ್ದ ಕೂದಲು. ಅವಳ ಬೆರಳಲ್ಲಿ ಇನ್ನೂ ಒಂದು ಸುತ್ತಿಕೊಂಡೇ ಇತ್ತು.

ಬಟ್ಟಲು ಕೈಜಾರಿತು. ಎಣ್ಣೆ ಪುಸ್ತಕದ ಮೇಲೆಲ್ಲ ಹರಿಯಿತು. ಅವಳು ಅಳಲಿಲ್ಲ, ಓಢಣಿಯನ್ನು ಮತ್ತೆ ಸುತ್ತಿಕೊಂಡು ಎಣ್ಣೆ ಒರೆಸತೊಡಗಿದಳು. ಅದನ್ನು ನೋಡಲಾಗಲಿಲ್ಲ ನನಗೆ. ಈ ತಲೆಯನ್ನು ನಾನು ಹಾಲುಗೂಸಿನಿಂದ ತಿಕ್ಕಿದ್ದೇನೆ. ಹಾಗೆಯೇ ದೇವರ ಕೋಣೆಗೆ ಹೋಗಿ ಕುಳಿತೆ, ದೇವರಿಗೂ ಕೈಮುಗಿಯಲಿಲ್ಲ.

ಮೂರು ಒಳ್ಳೆಯ ಸಂಗತಿಗಳಂತೆ. ಇದನ್ನು ಅಚ್ಚು ಮಾಡಿದವನ ಕೈಗೆ ಎಣ್ಣೆ ಸುರಿಯಬೇಕು, ಕಾದ ಎಣ್ಣೆ.

೧೬ ಡಿಸೆಂಬರ್

ಮನೆಯಲ್ಲಿ ಪಂಚನಾಮೆ. ಯಾಕ ಹಿಂಗ ಮಾಡ್ದಿ? ಯಾವಾಗಿಂದ? ಯಾರಾದ್ರೂ ಏನಾದ್ರೂ ಅಂದ್ರೇನು? ಹುಡುಗನ ವಿಷಯಾ? ನಿನಗ ಏನು ಕಮ್ಮಿ ಮಾಡೇವಿ? ಅವಳಪ್ಪ ಕೇಳುತ್ತಲೇ ಹೋದ. ಹರ್ಷದಾ ಒಂದು ಕಡೆಯಿಂದ ಅಳು. ವೃಷಾಲಿ ಎದ್ದು ಕೋಣೆಗೆ ಹೋಗಿ ಒಳಗಿನ ಚಿಲಕ ಹಾಕಿಕೊಂಡಳು. ಇಬ್ಬರೂ ಕದ ಬಡಿದರು. ಊಟಕ್ಕೂ ಬರಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ. ಸಾಂಗಲಿಯ ಹುಡುಗರನ್ನೆಲ್ಲ ಉದ್ಧಾರ ಮಾಡಲು ಹೊರಟವನು ಸ್ವಂತ ಮಗಳ ಕದ ಮುರಿಯಲು ನಿಂತಿದ್ದ.

೧೭ ಡಿಸೆಂಬರ್, ಮಂಗಳವಾರ

ಬೆಳಿಗ್ಗೆ ಹಾಲಿಗೆಂದು ಅವಳು ಕದ ತೆರೆದಳು. ಅಪ್ಪ ಮತ್ತೆ ಒಳಗೆ ನುಗ್ಗಲು ಹೊರಟ. ಅಡ್ಡ ನಿಂತೆ.

"ಹರಿಪುರದಾಗ ನಿಮ್ಮಪ್ಪನ ಹಗೇವು ಇದ್ವಲ್ಲ, ಬಾಯಿ ತಗದ ಕೂಡಲೇ ಯಾರರೆ ಒಳಗ ಇಳೀತಿದ್ರೇನು?"

ಎತ್ತಿದ ಕಾಲು ಇಳಿಸಿದ. ಅರಿಸಿನ ತುಂಬಿ ಮಣ್ಣು ಮುಚ್ಚಿದ ಆ ನೆಲದ ಕುಣಿಗಳಲ್ಲಿ ಗಾಳಿ ಸತ್ತಿರುತ್ತದೆ. ಬಾಯಿ ತೆಗೆದು ಬಿಡಬೇಕು. ಗಾಳಿ ಆಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಅವಸರ ಮಾಡಿದ ಆಳುಗಳು ಅಲ್ಲೇ ಉಸಿರುಗಟ್ಟಿದ್ದನ್ನು ಈ ಪೇಠೆಯವರೆಲ್ಲ ಬಲ್ಲರು.

"ಅಂಗಡಿಗೆ ಹೋಗು," ಅಂದೆ. ಹೋದ.

ನಾನು ಅವಳ ಕೋಣೆಯ ಹೊಸ್ತಿಲ ಹೊರಗೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕುಳಿತೆ. ಏನೂ ಕೇಳಲಿಲ್ಲ. ಕೇಳಲು ನನಗೇನು ಗೊತ್ತಿದೆ? ಸೊಂಟ ಹಿಡಿಯಿತು. ಊಟದ ಹೊತ್ತು ದಾಟಿತು. ಒಂದು ಹೊತ್ತಿನಲ್ಲಿ ಅವಳೇ ಬಂದು ಹೊಸ್ತಿಲ ಒಳಗೆ ಕುಳಿತು ತಾನೂ ಒಂದು ಕಾಯಿ ಎತ್ತಿಕೊಂಡಳು.

"ಆಜಿ, ನಾ ಕೀಳೂಮುಂದ ಮಲಾ ಕಳತ ನಾಹಿ. ಗೊತ್ತ ಆಗೂದಿಲ್ಲ. ಓದತಿರತೇನಿ, ಆಮ್ಯಾಲ ನೋಡಿದ್ರ ಮಡಿಲಾಗ ಬಿದ್ದಿರತಾವ."

"ಹೂಂ."

"ಪಪ್ಪಾ ಅಂದ್ರು, ನಮ್ಮನಿ ಮಾರಿ ಕೆಂಪ ಆಗಬಾರ್ದು, ಸಗಳೆ ಬಘತಾತ. ಎಲ್ಲಾರೂ ನೋಡತಾರ. ಅದಕ್ಕ ನಗೂದ ಒತ್ತತೇನಿ."

ಕಾಳು ನೋಡುತ್ತಲೇ ಹೇಳಿದಳು. ನಾನೂ ಕಾಳು ನೋಡುತ್ತಲೇ ಕೇಳಿದೆ. ನನ್ನ ಬೆರಳಿಗೆ ಸಿಕ್ಕ ಕಾಯಿಯನ್ನು ಎಷ್ಟು ಹಿಸುಕಿದ್ದೆನೆಂದರೆ ಒಳಗೆ ಕಾಳು ಉಳಿದಿರಲಿಲ್ಲ. ಅವಳ ಕೈ ಸುಲಿಯುವಷ್ಟು ಹೊತ್ತೂ ತಲೆಗೆ ಹೋಗಲಿಲ್ಲ, ಅದೊಂದನ್ನು ನೋಡಿದೆ. ಸಂಜೆ ಇನ್ನಷ್ಟು ಅವರೆಕಾಯಿ ತರಿಸಿದೆ. ಹರ್ಷದಾ, "ಇಷ್ಟು ಯಾರು ತಿಂತಾರ್ರಿ ಆಯೀ?" ಅಂದಳು.

೨೧ ಡಿಸೆಂಬರ್

ಸೋನಾಲಿಗೆ ಫೋನು ಮಾಡಿದೆ. ಸೋತು ಮಾಡಿದ್ದಲ್ಲ, ಡಾಕ್ಟರ ವಿಳಾಸ ಬೇಕಿತ್ತು.

ಅವಳು ನಮ್ಮ ಮನೆಗೆ ಬಂದ ದಿನವೇ ತನ್ನ ಆಫೀಸಿಗೆ, ವೃಷಾಲಿಗೆ ಬೇಗ ಡಾಕ್ಟರು ಬೇಕು ಎಂದು ತಿಳಿಸಿದ್ದಳಂತೆ. ಜನವರಿ ಹನ್ನೆರಡರವರೆಗೆ ತಡೆಯಿರಿ, ಯುವದೂತಳ ಮುಖ ಈಗ ಕೆಂಪಾಗುವುದು ಬೇಡ ಎಂಬ ಉತ್ತರ ಬಂತಂತೆ. "ನೀವ ಫೋನ ಮಾಡಲಿಲ್ಲಂದ್ರ ನಾಳೆ ನಾನ ಹೊಳ್ಳಿ ಬರಾಕಿ ಇದ್ದೆ, ಆಜಿ," ಅಂದಳು. ಬಂದಿದ್ದರೆ ಬೈಯುತ್ತಿದ್ದೆ.

೨೮ ಡಿಸೆಂಬರ್, ಶನಿವಾರ

ಮಿರಜಕ್ಕೆ ಹೋಗಿ ಬಂದೆವು. ಮಗನಿಗೆ ಹೇಳಲಿಲ್ಲ, ಹರ್ಷದಾಗೆ ಹೇಳಿದೆ. ಅವಳು ಬುತ್ತಿ ಕಟ್ಟಿಕೊಟ್ಟಳು, ಕಾಶಿಗೆ ಹೊರಟವರಿಗೆ ಕಟ್ಟುವ ಹಾಗೆ. ಬಸ್ಸಿನಲ್ಲಿ ಸಖುಬಾಯಿ ಗಂಟುಬಿದ್ದಳು. ಎಲ್ಲಿಗೆ ಎಂದಳು. ನನ್ನ ಮೊಣಕಾಲಿಗೆ ಎಂದೆ. ಮಿರಜದಲ್ಲಿ ಹೆಜ್ಜೆಗೊಂದು ದವಾಖಾನೆ, ನಂಬಿದಳು.

ಡಾಕ್ಟರಬಾಯಿ ನನ್ನನ್ನು ಹೊರಗೆ ಕೂರಿಸಿದಳು. ಹಡೆದವಳಿಗಿಂತ ಹೆಚ್ಚು ಸಾಕಿದವಳನ್ನು ಹೊರಗೆ! ಒಂದು ಗಂಟೆಯ ಮೇಲೆ ಒಳಗೆ ಕರೆದು ಹೇಳಿದಳು: ಇದು ಹಟವಲ್ಲ, ಚಟವಲ್ಲ, ಕಾಯಿಲೆ. ವಾಸಿಯಾಗುತ್ತದೆ, ಆದರೆ ನಿಧಾನ, ನಡುವೆ ಮತ್ತೆ ಬಂದರೂ ಗಾಬರಿಯಾಗಬೇಡಿ. ದಿನಾ ತಲೆ ಪರೀಕ್ಷೆ ಮಾಡಬೇಡಿ. ಕೈಗೆ ಏನಾದರೂ ಕೆಲಸವಿರಲಿ. ನಾನು ಅವರೆಕಾಯಿಯ ಮಾತು ಹೇಳಿದೆ. "ಅದನ್ನ ಮುಂದುವರಸ್ರಿ. ಗುಳಿಗಿನೂ ತಪ್ಪಿಸಬ್ಯಾಡ್ರಿ, ಇಲ್ಲಿ ಬರೂದನ್ನೂ ತಪ್ಪಿಸಬ್ಯಾಡ್ರಿ," ಎಂದು ಗದರಿಸಿದಳು. ಫೀ ಕೊಟ್ಟು ಬೈಸಿಕೊಂಡು ಬಂದ ಹಾಗಾಯಿತು.

ಬರುವಾಗ ವೃಷಾಲಿ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅಲ್ಲಾಡದೆ ಕುಳಿತು ಕೈ ಜೋಮು ಹಿಡಿಯಿತು.

೧೦ ಜನವರಿ ೨೦೨೫, ಶುಕ್ರವಾರ

ಮಗ ಭಾಷಣ ಬರೆದು ತಂದಿದ್ದಾನೆ. 'ನಾನು ಪ್ರತಿ ಸಂಜೆ ನಗುತ್ತೇನೆ' ಎಂದು ಶುರು. ವೃಷಾಲಿ ಓದಿ ಮಡಚಿಟ್ಟಳು. "ಪಪ್ಪಾ, ನಾ ಬರಾಂಗಿಲ್ಲ," ಅಂದಳು. ಇಷ್ಟು ಸಣ್ಣ ದನಿ, ಆದರೆ ನಿಂತು ಹೇಳಿದಳು.

ಡಾಕ್ಟರ ವಿಷಯವೂ ಆಗಲೇ ಹೊರಬಿತ್ತು. ರೇವಣಸಿದ್ಧ ನನ್ನತ್ತ ತಿರುಗಿದ. "ನನ್ನ ಬೆನ್ನ ಹಿಂದ ಇಷ್ಟೆಲ್ಲಾ ಮಾಡ್ದಿ?"

"ನೀ ಮುಂದ ಮಾಡಿದ್ರ ನಾ ಯಾಕ ಹಿಂದ ಮಾಡತಿದ್ದೆ?"

ಕಡೆಗೆ, ವೃಷಾಲಿಗೆ ಜ್ವರ ಬಂದಿದೆ ಎಂದು ಹೇಳುತ್ತೇನೆ, ಮನೆತನದ ಮರ್ಯಾದೆಗಾದರೂ ನೀನು ಬಂದು ಮುಂದಿನ ಸಾಲಿನಲ್ಲಿ ಕೂಡು ಎಂದ. ರಾತ್ರಿ ವೃಷಾಲಿಯನ್ನು ಕೇಳಿದೆ, ಅಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂದು. ಬಹಳ ಯೋಚಿಸಿ, "ಖರೇ ಹೇಳು. ಕೂದಲಾಂದು ಮಾತ್ರ ಹೇಳಬ್ಯಾಡ," ಅಂದಳು.

೧೨ ಜನವರಿ, ರವಿವಾರ

ವಿಶ್ರಾಮಬಾಗದ ದೊಡ್ಡ ಸಭಾಭವನ. ವೇದಿಕೆಯ ಮೇಲೆ ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ನಗುವ ಮುಖ. ಮುಂಬಯಿಯವರು, ಪುಣೆಯವರು, ಪೇಠೆಯ ಅಡತಿಯವರೆಲ್ಲ ತಲೆಗೆ ಫೇಟಾ ಸುತ್ತಿಸಿಕೊಂಡು ಕುಳಿತಿದ್ದರು. ಹುಡುಗರ ದುಃಖದ ಸಭೆಯಲ್ಲಿ ಹುಡುಗರಿಗೆ ಹಿಂದಿನ ಸಾಲು. ಗೋಡೆಯ ಮೇಲೆ ಹಸಿರು ಗೆರೆ ಏರುತ್ತ ಹೋಗುವುದನ್ನು ತೋರಿಸಿದರು. ಚಪ್ಪಾಳೆ.

ಮಗ ಎದ್ದು, ನಮ್ಮ ಯುವದೂತಳಿಗೆ ಜ್ವರ ಎಂದ. ಅಜಿತ ಸಾಹೇಬರು ತಲೆ ಕೆಡಿಸಿಕೊಳ್ಳಲಿಲ್ಲ. ಅಜ್ಜಿ ಬಂದಿದ್ದಾರೆ, ಮೊಮ್ಮಗಳಲ್ಲಿ ಕಂಡ ಬದಲಾವಣೆಯನ್ನು ಅವರೇ ಹೇಳಲಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ನಾನಾಗಿ ಕೇಳಿರಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ, ನಾಳೆ ನನ್ನ ಮೇಲೆ ಬರಬಾರದು.

ಮರಾಠಿಯಲ್ಲೇ ಹೇಳಿದೆ. ಮೊಮ್ಮಗಳಿಗೆ ಜ್ವರವಿಲ್ಲ. ಅವಳ ಮನಸ್ಸಿಗೆ ಹುಷಾರಿಲ್ಲ, ಮಿರಜದಲ್ಲಿ ಔಷಧ ನಡೆದಿದೆ. ನಿಮ್ಮ ಗೋಡೆಯ ಮೇಲಿನ ಹಸಿರಿನಲ್ಲಿ ಅವಳದೂ ಇದೆ. ಅದನ್ನು ಅವಳು ಅಪ್ಪನ ಮರ್ಯಾದೆಗೆ ಒತ್ತಿದ್ದು. ನಡುವೆ ಒಂದು ದಿನ ಕೆಂಪು ಕಂಡರೆ ಅದು ನಾನು ಸಿಟ್ಟಿಗೆ ಒತ್ತಿದ್ದು. ಆ ಒಂದು ಕೆಂಪು ನೋಡಿ ನಿಮ್ಮ ಕಡೆಯ ಒಬ್ಬ ಹುಡುಗಿ ಸಮಡೋಳಿಯಿಂದ ಬಂದಳು. ಉಳಿದ ಹಸಿರು ನೋಡಿ ಯಾರೂ ಬರಲಿಲ್ಲ. ನೀವು ವ್ಯಾಪಾರಸ್ಥರು. ಒಂದು ಕೊಂಬಾದರೂ ಮುರಿದು ನೋಡಿ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಚಪ್ಪಾಳೆ ಹೊಡೆದು ನಿಲ್ಲಿಸಿದ. ಆಮೇಲೆ ಅಜಿತ ಸಾಹೇಬರು ಕಣ್ಣು ಒರೆಸಿಕೊಂಡು, ಎಂಥ ಶಕ್ತಿಯುತ ಕಥೆ, ಇದನ್ನು ವಿಡಿಯೋ ಮಾಡಬಹುದೇ ಎಂದು ಕೇಳಿದರು. ಬೆಂಕಿ ಬಿದ್ದ ಮನೆಯಲ್ಲಿ ಬೀಡಿ ಹಚ್ಚಿಕೊಳ್ಳುವ ಜಾತಿ.

ಮಗ ಕಾರಿನಲ್ಲಿ ಕರೆದುಕೊಂಡು ಬರಲಿಲ್ಲ. ರಿಕ್ಷಾದಲ್ಲಿ ಬಂದೆ. ವೃಷಾಲಿ ಬಾಗಿಲಲ್ಲೇ ನಿಂತಿದ್ದಳು. "ಹೇಳ್ದೇನು?" "ಹೇಳ್ದೆ. ಕೂದಲಾಂದು ಹೇಳಲಿಲ್ಲ." ತಲೆಯಾಡಿಸಿದಳು. ಅವಳೇ ನೀರು ತಂದುಕೊಟ್ಟಳು.

೧೪ ಜನವರಿ, ಸಂಕ್ರಾಂತಿ

ಎಳ್ಳು ತೆಗೆದುಕೊಂಡು ಸಿಹಿ ಮಾತಾಡಬೇಕಾದ ಹಬ್ಬ. ಮಗನ ಕೈ ಎಳ್ಳು ಕೊಟ್ಟಿತು, ಬಾಯಿ ಏನೂ ಕೊಡಲಿಲ್ಲ.

೯ ಫೆಬ್ರವರಿ, ರವಿವಾರ

ಯೋಜನೆ ನಾಶಿಕಕ್ಕೆ ಹೋಯಿತಂತೆ. ಸಾಂಗಲಿಯ ನೆಲ ಹದವಾಗಿಲ್ಲವಂತೆ. ಮೊಬೈಲಿನ ಟಿಣ್ ಕೂಡ ನಿಂತಿದೆ. ಸಂಜೆ ಏಳಕ್ಕೆ ಸುಮ್ಮಸುಮ್ಮನೆ ಅದರ ಕಡೆ ನೋಡುತ್ತೇನೆ, ಕೆಟ್ಟ ರೂಢಿ.

ಸೋನಾಲಿಯ ಕೆಲಸವೂ ಹೋಯಿತು. ತನ್ನಲ್ಲಿಗೆ ಬರುತ್ತಿದ್ದ ಹುಡುಗರನ್ನು ಕಾಲೇಜಿನ ಹಿಂದೆ ಚಹಾ ಗಾಡಿಯ ಬೆಂಚಿನ ಮೇಲೆ ಕೂರಿಸಿ ಮಾತಾಡುತ್ತಿದ್ದಾಳಂತೆ. ಚಹಾ ಗಾಡಿಯಲ್ಲಿ ಯಾವ ಹುಡುಗಿ ಬಾಯಿ ಬಿಟ್ಟಾಳು? ಬುದ್ಧಿಯಿಲ್ಲದವಳು. ಅಂಗಡಿಯ ಮೇಲಿನ ಕೋಣೆ ಖಾಲಿ ಬಿದ್ದಿದೆ, ಇಲಿಗಳು ಓಡಾಡುತ್ತವೆ. ಮನುಷ್ಯರು ಕುಳಿತರೆ ಇಲಿಯಾದರೂ ಹೋದಾವು ಎಂದು ಬೀಗದ ಕೈ ಕೊಟ್ಟೆ. ಅಂಗಡಿ ಕಟ್ಟಡ ಯಜಮಾನರು ನನ್ನ ಹೆಸರಿಗೆ ಮಾಡಿದ್ದು, ಮಗನನ್ನು ಕೇಳಬೇಕಾಗಿಲ್ಲ. ಬಾಡಿಗೆ ಎಷ್ಟು ಎಂದಳು. ಇಲಿಗಳಿಂದ ಎಂದೂ ತೆಗೆದುಕೊಂಡಿಲ್ಲ ಎಂದೆ. ಬಾಗಿಲ ಮೇಲೆ ನಿಮ್ಮ ಹೆಸರು ಬರೆಸಲೇ ಎಂದು ಕೇಳಿದಳು.

"ಪಂಖಾ ಹಚ್ಚಿಸ್ತೇನಿ. ಹೆಸರಾ ಬರಸಿದ್ರ ನಿನ್ನ ಹೊರಗ ಹಾಕ್ತೇನಿ."

ಇದಕ್ಕೆ ದಾನಗೀನ ಎಂದು ಯಾರೂ ಹೆಸರಿಡಬಾರದು. ಕೋಣೆ ಖಾಲಿ ಇತ್ತು, ಅಷ್ಟೇ.

೧ ಮಾರ್ಚ್, ಶನಿವಾರ

ವೃಷಾಲಿ ಈ ವರ್ಷ ನೀಟ್ ಬರೆಯುವುದಿಲ್ಲ ಎಂದು ಅಪ್ಪನಿಗೆ ಹೇಳಿದಳು. ಕಳೆದ ವಾರ ಮತ್ತೆ ಕೂದಲು ಕಿತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಕಸ ಗುಡಿಸಿದೆ.

ಇವತ್ತು ಮಿರಜದ ಬಸ್ಸಿಗೆ ಹೊರಟಾಗ ರೇವಣಸಿದ್ಧ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. "ಕುಂದ್ರಿ," ಅಂದ, ಯಾರ ಮುಖವನ್ನೂ ನೋಡದೆ. ಸಖುಬಾಯಿ ಕಟ್ಟೆಯ ಮೇಲಿಂದ, ಮೊಣಕಾಲು ಇನ್ನೂ ನೆಟ್ಟಗಾಗಿಲ್ಲವೇ ಎಂದು ಕೂಗಿದಳು. "ಮೊಣಕಾಲ ಅಲ್ಲವ್ವಾ, ಮೊಮ್ಮಗಳ ಮನಸ್ಸಿನ ಡಾಕ್ಟರ್ ಕಡೆ ಹೊಂಟೇವಿ," ಎಂದೆ. ಬಿಸಿಲು ಬಹಳ ಇತ್ತು, ಸುಳ್ಳು ಹೊಂದಿಸಲು ಬೇಸರ. ವೃಷಾಲಿ ಕಾರಿನ ಕಿಟಕಿಯಿಂದ ನನ್ನನ್ನು ನೋಡಿ ನಕ್ಕಳು.

ಡಾಕ್ಟರಬಾಯಿ ಈ ಸಲ ಅಪ್ಪನನ್ನು ಒಳಗೆ ಕರೆದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದವನ ಕಣ್ಣು ಕೆಂಪು. "ಧೂಳಾ," ಅಂದ. ಮಿರಜದ ಧೂಳಿಗೆ ಇಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

೨೨ ಮಾರ್ಚ್

ಅಂಗಡಿಗೆ ಹೋಗಿದ್ದೆ. ಮೇಲಿನ ಕೋಣೆಯ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳು. ಒಂದು ಜೋಡಿ ಸಖುಬಾಯಿಯ ಮೊಮ್ಮಗನದು, ಹಿಮ್ಮಡಿ ಸವೆದದ್ದು ನೋಡಿ ಗುರುತು ಹಿಡಿದೆ. ಆಕೆಗೆ ಹೇಳಲಿಲ್ಲ. ಹೇಳದೆ ಇಟ್ಟುಕೊಂಡಿದ್ದೇನೆ, ಸಖುಬಾಯಿಯ ವಿಷಯದಲ್ಲಿ! ಹೊಟ್ಟೆ ಉಬ್ಬರಿಸಿದೆ.

೩೦ ಮಾರ್ಚ್, ಯುಗಾದಿ

ಬೆಳಿಗ್ಗೆ ಬೇವು ತೊಳೆಯುತ್ತ ಕುಳಿತಿದ್ದೆ. ವೃಷಾಲಿ ಬಂದು ಎಣ್ಣೆಯ ಬಟ್ಟಲನ್ನು ನನ್ನ ಮುಂದಿಟ್ಟು, ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತಳು. ಓಢಣಿಯನ್ನು ತಾನೇ ಬಿಚ್ಚಿದಳು.

"ಹಬ್ಬ ಐತಲ್ಲ ಆಜಿ. ಹಚ್ಚು."

ಪಡಸಾಲೆಯಲ್ಲಿ ಅವಳಪ್ಪ ಆ ನಗುಮುಖದ ವಹಿಗಳನ್ನು ರದ್ದಿಯವನಿಗೆ ಎತ್ತಿ ಎತ್ತಿ ಕೊಡುತ್ತಿದ್ದ. ಕೈಯಲ್ಲಿದ್ದದ್ದನ್ನು ಹಿಡಿದುಕೊಂಡು ಅಲ್ಲೇ ನಿಂತ. ನಾನು ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ನೆತ್ತಿಗೆ ಇಟ್ಟೆ, ಹಿಂದಕ್ಕೆ ತಂದೆ, ಬಲಗಿವಿಯ ಮೇಲಕ್ಕೆ ಬಂದೆ. ಅವಳ ಭುಜ ಬಿಗಿಯಿತು. ಕೈ ತೆಗೆಯಲಿಲ್ಲ ನಾನು. ಸ್ವಲ್ಪ ಹೊತ್ತಿನ ಮೇಲೆ ಭುಜ ತಾನೇ ಸಡಿಲಾಯಿತು.

ನನ್ನ ಈ ವಹಿಯನ್ನು ರದ್ದಿಗೆ ಕೊಡಲಿಲ್ಲ, ಇನ್ನೂ ಹಾಳೆಗಳಿವೆ. ಕೆಳಗಿನ ಮೂರು ಗೆರೆ ನನ್ನನ್ನೇ ನೋಡುತ್ತಿವೆ, ನಾಚಿಕೆಯಿಲ್ಲದವು. ಎರಡನ್ನು ಖಾಲಿ ಬಿಡುತ್ತೇನೆ.

ಬಲಗಿವಿಯ ಮೇಲೆ ಹೊಸ ಕೂದಲು ಬಂದಿದೆ. ಮೋಟು ಮೋಟು, ಅಂಗೈಗೆ ಚುಚ್ಚುತ್ತದೆ. ಚುಚ್ಚಲಿ.